ಹೂಂರಾಯನ ದಿನ

ಬಾಯಲ್ಲಿ ಸ್ಕ್ರೂ ಇಟ್ಟುಕೊಂಡವನು ಯಾರಿಗೂ ಇಲ್ಲ ಎನ್ನಲಾರ. ಇಲ್ಲ ಎನ್ನಬೇಕಾದರೆ ಬಾಯಿ ತೆರೆಯಬೇಕು. ಹೂಂ ಎನ್ನುವುದಕ್ಕೆ ಮೂಗು ಸಾಕು. ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಮನುಷ್ಯನಿಗೆ ಬೀದಿಯವರೆಲ್ಲ ಹೂಂರಾಯ ಎಂದು ಹೆಸರಿಟ್ಟದ್ದು ಈ ಕಾರಣಕ್ಕೆ. ಬಿಚ್ಚಿದ ಸ್ಕ್ರೂಗಳು ಮೇಜಿನ ಮೇಲಿಟ್ಟರೆ ಉರುಳಿ ಹೋಗುತ್ತವೆ, ಜೇಬಿನಲ್ಲಿಟ್ಟರೆ ಮರೆತು ಹೋಗುತ್ತವೆ, ಹಲ್ಲಿನಲ್ಲಿ ಕಚ್ಚಿಕೊಂಡರೆ ಮಾತ್ರ ಇದ್ದಲ್ಲೇ ಇರುತ್ತವೆ ಎಂಬುದು ಅವನ ಅನುಭವ.

ಈ ಕತೆ ನಡೆದ ದಿನದ ಹಿಂದಿನ ಸಂಜೆಯೂ ಹಾಗೆಯೇ ಆಗಿತ್ತು. ದರ್ಜಿಯ ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಾಗ ಹೆಂಡತಿ ಪಕ್ಕಕ್ಕೆ ಬಂದು ನಾಳೆಯ ವಿಷಯ ಏನೋ ಹೇಳಿದಳು.

"ಕೇಳಿಸ್ತೇನ್ರೀ?"

"ಹೂಂ."

"ಮರೀಬೇಡಿ ಮತ್ತೆ."

"ಹೂಂ."

ಮರೆಯುವುದಕ್ಕೆ ಮೊದಲು ಕೇಳಿಸಿಕೊಂಡಿರಬೇಕಲ್ಲ! ಅವನ ಕಿವಿ, ಕಣ್ಣು, ಮನಸ್ಸು ಮೂರೂ ಆಗ ಯಂತ್ರದೊಳಗಿನ ಒಂದು ಸವೆದ ಹಲ್ಲುಚಕ್ರದ ಮೇಲಿದ್ದವು.

ಹೂಂರಾಯನ ಹೆಂಡತಿಗೆ ಬಸ್ ಡಿಪೊದಲ್ಲಿ ಕೆಲಸ. ಯಾವ ಡ್ರೈವರಿಗೆ ಯಾವ ದಿನ ಯಾವ ಬಸ್ಸು, ಯಾರಿಗೆ ರಜೆ, ಯಾರಿಗೆ ಪಾಳಿ ಎಂದು ಸರದಿ ಹಾಕುವವಳು ಆಕೆ. ದಪ್ಪ ಮೀಸೆಯ ಡ್ರೈವರುಗಳು ಆಕೆಯ ಮೇಜಿನ ಮುಂದೆ ಹೋಂವರ್ಕ್ ಮಾಡದ ಹುಡುಗರ ಹಾಗೆ ನಿಲ್ಲುತ್ತಿದ್ದರು. ಅಂಥವಳಿಗೆ ಮನೆಯ ಎರಡು ಮಕ್ಕಳ ಜಗಳ ಯಾವ ಲೆಕ್ಕ? ಮಗನಿಗೆ ಒಂಬತ್ತು ವರ್ಷ. ಸಣಕಲು ಮೈ, ಚುಚ್ಚುವ ಮಾತು. ಅವನನ್ನು ಅಪ್ಪ ಸೂಜಿ ಎಂದು ಕರೆದ. ಮಗಳಿಗೆ ಏಳು. ಗುಂಡಗಿದ್ದು, ಮನೆಯೆಲ್ಲ ಗಿರಗಿರ ಸುತ್ತುತ್ತಿದ್ದಳು. ಅವಳು ದಾರ ಸುತ್ತುವ ಬಾಬಿನ್. ಇಬ್ಬರಿಗೂ ಇದ್ದದ್ದು ಒಂದೇ ಜಗಳ: ಯಾರು ಮೊದಲು?

ಅಮ್ಮ ಡಿಪೊದ ಪದ್ಧತಿಯನ್ನು ಮನೆಗೆ ತಂದಳು. ಬೆಸ ತಾರೀಖು ಸೂಜಿಯದು, ಸಮ ತಾರೀಖು ಬಾಬಿನ್‌ಳದು. ಯಾರ ದಿನವೋ ಅವರು ಎಲ್ಲದರಲ್ಲೂ ಮೊದಲು. ಬಿಸಿನೀರು ಅವರಿಗೆ ಮೊದಲು, ಹಾಲಿನ ಕೆನೆ ಅವರಿಗೆ, ಕಿಟಕಿ ಪಕ್ಕದ ಕುರ್ಚಿ ಅವರಿಗೆ. ಮನೆಯಿಂದ ಹೊರಗೆ ಹೋದರೂ ಇದೇ ನಿಯಮ.

ಬಹಳ ಒಳ್ಳೆಯ ನಿಯಮ. ಒಂದೇ ತೊಡಕು. ಮೂವತ್ತೊಂದನೆಯ ತಾರೀಖಿನ ಮರುದಿನ ಒಂದನೆಯ ತಾರೀಖು ಬರುತ್ತದೆ. ಎರಡೂ ಬೆಸ. ಸೂಜಿಗೆ ಒಟ್ಟಿಗೆ ಎರಡು ದಿನ ದೊರೆತನ. ಈ ಅನ್ಯಾಯ ಬಾಬಿನ್‌ಗೆ ಹೊಳೆದ ದಿನ ಅವಳು ಬಚ್ಚಲಿನ ಬಾಗಿಲಿಗೆ ಅಡ್ಡಲಾಗಿ ಮಲಗಿಬಿಟ್ಟಿದ್ದಳು. ಬಕೆಟ್ಟು ಒಡೆಯಿತು, ಸೂಜಿಯ ಅಂಗಿ ಹರಿಯಿತು, ಕಿರುಚಾಟಕ್ಕೆ ಬೀದಿಯೇ ಸೇರಿತು. ಯಾರೋ ಡಿಪೊಗೆ ಫೋನು ಮಾಡಿದರು. ಅಮ್ಮ ಕೆಲಸ ಬಿಟ್ಟು ಓಡಿಬಂದಳು. ಮೇಲಧಿಕಾರಿಯ ಕೈಲಿ ಬೈಸಿಕೊಂಡಳು. ಆ ರಾತ್ರಿ ಗಂಡನಿಗೆ ಸ್ಪಷ್ಟವಾಗಿ ಹೇಳಿದಳು:

"ಒಂದು ದಿನ ಎರಡು ಮಕ್ಕಳನ್ನ ನೋಡ್ಕೊಳ್ಳೋಕಾಗಲ್ವಾ ನಿಮಗೆ? ಇನ್ನೊಂದು ಸಲ ಹೀಗಾದ್ರೆ, ರಜಾ ಬಂತು ಅಂದ್ರೆ ಇಬ್ಬರನ್ನೂ ನಮ್ಮಕ್ಕನ ಮನೆಗೆ ಬಿಟ್ಟುಬಿಡ್ತೀನಿ. ನೀವು ನಿಮ್ಮ ಮೆಷಿನ್ ಜೊತೆ ಸುಖವಾಗಿರಿ."

ಆಗ ಅವನ ಬಾಯಲ್ಲಿ ಸ್ಕ್ರೂ ಇರಲಿಲ್ಲ. ಆದರೂ ಹೂಂ ಎಂದಷ್ಟೇ ಹೇಳಿದ. ಮಕ್ಕಳಿಲ್ಲದ ಮನೆಯನ್ನು ಅವನು ಒಮ್ಮೆ ಕಂಡಿದ್ದ. ಅವರು ದೊಡ್ಡಮ್ಮನ ಮನೆಗೆ ಹೋದಾಗ ಎರಡು ದಿನ ಆ ಮೌನ ತಾಳಲಾರದೆ, ಹೊಲಿಯಲು ಬಟ್ಟೆಯಿಲ್ಲದಿದ್ದರೂ ಯಂತ್ರದ ಪೆಡಲನ್ನು ಸುಮ್ಮನೆ ತುಳಿಯುತ್ತ ಕೂತಿದ್ದ. ಜಗಳವಾಡುವುದಕ್ಕೆ ಮನೆಯಲ್ಲಿ ಇಬ್ಬರಿರುವುದು ದೇವರ ದಯೆ. ಇರುವಾಗ ಅದು ಬಚ್ಚಲ ಬಾಗಿಲಿಗೆ ಅಡ್ಡ ಮಲಗಿರುತ್ತದೆ, ಅಷ್ಟೆ.

ಈ ದಿನ ಮತ್ತೆ ಒಂದನೆಯ ತಾರೀಖು. ನಿನ್ನೆ ಮೂವತ್ತೊಂದು. ಶಾಲೆಗೆ ರಜೆ. ಹೆಂಡತಿ ಬೆಳಿಗ್ಗೆಯೇ ಡಿಪೊಗೆ ಹೋದಳು. ಹೂಂರಾಯ ದೇವರಿಗೆ ಕೈಮುಗಿದು, ಒಡೆಯುವಂಥದ್ದನ್ನೆಲ್ಲ ಅಟ್ಟದ ಮೇಲಿಟ್ಟು, ಬಚ್ಚಲಿನ ಬಾಗಿಲ ಬಳಿ ಹೋಗಿ ನಿಂತ.

"ನೀನೇ ಮೊದಲು ಹೋಗು" ಎಂದ ಸೂಜಿ.

"ನೀನೇ ಹೋಗು. ನಿನ್ನ ದಿನ" ಎಂದಳು ಬಾಬಿನ್.

ಹೂಂರಾಯ ಕಿವಿಗೆ ಬೆರಳು ಹಾಕಿ ತಿರುಗಿಸಿದ.

"ನಿನ್ನೆ ನಂದೇ ಇತ್ತಲ್ಲ. ಇವತ್ತೂ ನಂದೇ ಅಂದ್ರೆ ಅನ್ಯಾಯ ಅಲ್ವಾ? ನೀನೇ ಹೇಳ್ತಿದ್ಯಲ್ಲ. ಇವತ್ತು ನಿಂದು" ಎಂದ ಅಣ್ಣ.

"ಅಯ್ಯೋ, ಬೇಡ. ಅಮ್ಮನ ನಿಯಮ ಅಂದ್ರೆ ನಿಯಮ. ಒಂದು ಬೆಸ. ಇವತ್ತು ನಿಂದೇ" ಎಂದಳು ತಂಗಿ.

ಬಿಸಿನೀರು ತಣ್ಣೀರಾಯಿತು. ಯಾರೂ ಒಳಗೆ ಹೋಗಲಿಲ್ಲ. ಮೊದಲ ಗಳಿಗೆಯಲ್ಲಿ ಹೂಂರಾಯನಿಗೆ ಸಂತೋಷವಾಯಿತು, ಎರಡನೆಯ ಗಳಿಗೆಯಲ್ಲಿ ಆಶ್ಚರ್ಯ, ಆಮೇಲೆ ಭಯ. ಎಣ್ಣೆಯೇ ಕಾಣದ ಯಂತ್ರ ಒಂದು ದಿನ ಸದ್ದಿಲ್ಲದೆ ತಿರುಗಿದರೆ ರಿಪೇರಿಯವನಿಗೆ ಹೀಗೆಯೇ ಆಗುತ್ತದೆ.

ತಿಂಡಿಗೆ ಕೂತಾಗಲೂ ಇದೇ ಕತೆ. ಕೆನೆ ಇದ್ದ ಹಾಲಿನ ಲೋಟವನ್ನು ಸೂಜಿ ತಂಗಿಯ ಕಡೆ ತಳ್ಳಿದ. ಅವಳು ಅಣ್ಣನ ಕಡೆ ತಳ್ಳಿದಳು. ಲೋಟ ಮೇಜಿನ ಮೇಲೆ ಬಸ್ಸಿನ ಹಾಗೆ ಅತ್ತಿತ್ತ ಓಡಾಡಿತು. ನಾಲ್ಕನೆಯ ಸಲ ನಿಲ್ದಾಣ ತಪ್ಪಿ, ಪಕ್ಕದಲ್ಲಿ ಹೊಟ್ಟೆ ತೆರೆದುಕೊಂಡು ಮಲಗಿದ್ದ ದರ್ಜಿಯ ಯಂತ್ರದೊಳಕ್ಕೆ ಬೋರಲಾಯಿತು.

ಅದೇ ಹೊತ್ತಿಗೆ ದರ್ಜಿ ಬಾಗಿಲಲ್ಲಿ ನಿಂತಿದ್ದ. ಅವನ ಅಂಗಡಿ ಇದೇ ಸಾಲಿನಲ್ಲಿ. ಶಾಲೆಯೊಂದರ ಸಮವಸ್ತ್ರ ಹೊಲಿಯಲು ಒಪ್ಪಿಕೊಂಡಿದ್ದ. ಯಂತ್ರ ಇವತ್ತು ಸಿಗಲೇಬೇಕಿತ್ತು.

"ಏನ್ ರಾಯರೇ, ನನ್ನ ಮೆಷಿನ್‌ಗೆ ಹಾಲು ಕುಡಿಸ್ತಿದ್ದೀರಾ?"

"ಮಕ್ಕಳು..." ಎಂದು ಶುರುಮಾಡಿ ಹೂಂರಾಯ ನಡೆದದ್ದನ್ನು ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು. "ಇಬ್ಬರೂ ನೀನು ಮೊದಲು, ನೀನು ಮೊದಲು ಅಂತಿದ್ದಾರಪ್ಪ. ನಂಗ್ಯಾಕೋ ಭಯ ಆಗ್ತಿದೆ."

ದರ್ಜಿ ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ಯೋಚಿಸಿದ. ಅವನಿಗೆ ನಾಲ್ಕು ಮಕ್ಕಳು.

"ಇದ್ರಲ್ಲಿ ಯೋಚನೆ ಮಾಡೋದೇನಿದೆ? ಏನೋ ಒಡೆದು ಹಾಕಿದ್ದಾರೆ. ದೊಡ್ಡದೇ ಒಡೆದಿದ್ದಾರೆ. ಮಕ್ಕಳು ಇಷ್ಟು ಒಳ್ಳೆಯವರಾದ್ರೆ ಕನಿಷ್ಠ ಒಂದು ಕನ್ನಡಿ ಹೋಗಿದೆ ಅಂತ ಲೆಕ್ಕ. ಬನ್ನಿ, ಹುಡುಕೋಣ."

"ನಾವೇನೂ ಒಡೆದಿಲ್ಲ ಮಾವ" ಎಂದ ಸೂಜಿ.

"ನೋಡಿದ್ರಾ? ಕೇಳೋಕೆ ಮುಂಚೆನೇ ಹೇಳ್ತಾನೆ" ಎಂದ ದರ್ಜಿ.

ಇಬ್ಬರು ದೊಡ್ಡವರೂ ಮಂಚದಡಿ ತೆವಳಿದರು, ಬೀರುವಿನ ಹಿಂದೆ ಇಣುಕಿದರು. ಏನೂ ಒಡೆದಿರಲಿಲ್ಲ. ಕೊನೆಗೆ ದರ್ಜಿ ಸ್ಟೂಲು ಹತ್ತಿ ಅಟ್ಟಕ್ಕೆ ಕೈಹಾಕಿದ. ಹೂಂರಾಯ ಬೆಳಿಗ್ಗೆ ಜೋಪಾನವಾಗಿ ಎತ್ತಿಟ್ಟಿದ್ದ ಗಾಜಿನ ಜಗ್ಗು ಅವನ ಮೊಣಕೈಗೆ ತಗುಲಿ ಕೆಳಗೆ ಬಿದ್ದು ಪುಡಿಯಾಯಿತು.

"ನಾನು ಹೇಳಲಿಲ್ವಾ, ಏನೋ ಒಡೆದಿದೆ ಅಂತ!" ಎಂದ ದರ್ಜಿ ಸ್ಟೂಲಿನ ಮೇಲಿಂದಲೇ.

ಈ ಸದ್ದಿಗೆ ಮೇಲಿನ ಮನೆಯ ಟೀಚರಮ್ಮ ಇಳಿದುಬಂದರು. ಆಕೆ ಶಾಲೆಯಿಂದ ನಿವೃತ್ತರಾಗಿ ಬಹಳ ವರ್ಷವಾಗಿದ್ದರೂ ಶಾಲೆ ಆಕೆಯಿಂದ ನಿವೃತ್ತವಾಗಿರಲಿಲ್ಲ. ವಿಷಯ ಕೇಳಿದ್ದೇ ತಲೆಯಾಡಿಸಿದರು.

"ಜ್ವರ ಕಣಪ್ಪಾ. ಒಳಜ್ವರ. ನನ್ನ ಕ್ಲಾಸಲ್ಲಿ ಒಬ್ಬ ಪುಂಡ ಇದ್ದ. ಒಂದು ದಿನ ತಾನಾಗಿ ಬೋರ್ಡು ಒರೆಸಿದ. ಸಂಜೆ ನೋಡಿದ್ರೆ ಮೈತುಂಬ ಅಮ್ಮ ಎದ್ದಿತ್ತು."

ಆಕೆ ಥರ್ಮಾಮೀಟರ್ ತಂದು, ತೊಳೆದು, ಝಾಡಿಸಿ, "ಎಲ್ಲಿ, ಬಾಯಿ ತೆಗೀರಿ. ಯಾರು ಮೊದಲು?" ಎಂದರು.

ಸೂಜಿ ತುಟಿ ಬಿಗಿದ. ಬಾಬಿನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ಬೆರಳಿನಿಂದ ತೋರಿಸಿದರು. ಟೀಚರಮ್ಮ ಗದರಿದರು, ಮುದ್ದುಮಾಡಿದರು, ಮೂಗು ಹಿಡಿದರು. ಬಾಯಿ ಮಾತ್ರ ಬ್ಯಾಂಕಿನ ಬಾಗಿಲಿನ ಹಾಗೆ ಮುಚ್ಚಿಯೇ ಇತ್ತು.

"ಹೆದರಿದ್ದಾವೆ. ಮೊದಲು ನೀನು ಇಟ್ಕೊಂಡು ತೋರ್ಸಪ್ಪ" ಎಂದು ಆಕೆ ಥರ್ಮಾಮೀಟರನ್ನು ಹೂಂರಾಯನ ಬಾಯಿಗೆ ತುರುಕಿದರು. ಅದು ಬಲದವಡೆಗೆ ತಗುಲಿದಾಗ ಅವನು "ಹಾ" ಎಂದು ಹಾರಿದ. ಆ ಕಡೆಯ ಒಂದು ಹಲ್ಲು ಒಂದು ತಿಂಗಳಿನಿಂದ ಅವನನ್ನು ಕಾಡುತ್ತಿತ್ತು. ಹೇಳಿದರೆ ಹೆಂಡತಿ ಸ್ಕ್ರೂಗಳಿಗೆ ಡಬ್ಬಿ ತಂದುಕೊಡುತ್ತಾಳೆಂದು ಮುಚ್ಚಿಟ್ಟು ಎಡಗಡೆಯಲ್ಲೇ ಅಗಿಯುತ್ತಿದ್ದ.

ಟೀಚರಮ್ಮ ಥರ್ಮಾಮೀಟರನ್ನು ಬೆಳಕಿಗೆ ಹಿಡಿದರು. "ಸ್ವಲ್ಪ ಏರಿದೆ. ಮಕ್ಕಳಿಗಲ್ಲ, ನಿಂಗೇ ಜ್ವರ."

ಈಗ ಹೂಂರಾಯನಿಗೆ ದಿಕ್ಕೇ ತೋಚಲಿಲ್ಲ. ಮಕ್ಕಳು ಜಗಳವಾಡಿದರೆ ದೊಡ್ಡಮ್ಮನ ಮನೆಗೆ ಹೋಗುತ್ತಾರೆ. ಜಗಳವಾಡದಿದ್ದರೆ ಆಸ್ಪತ್ರೆಗೆ ಹೋಗುತ್ತಾರೋ ಏನೋ. ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೆಲ್ಲಗೆ ಕೇಳಿದ:

"ನಿಂಗೆ ಅಣ್ಣನ ಮೇಲೆ ಕೋಪಾನಾ ಪುಟ್ಟಾ?"

"ಇಲ್ಲಪ್ಪ."

"ಮತ್ತೆ ಪ್ರೀತೀನಾ?"

ಬಾಬಿನ್ ಸ್ವಲ್ಪ ಯೋಚಿಸಿದಳು. "ಇವತ್ತು ಒಂದು ದಿನ" ಎಂದಳು.

ಅಷ್ಟರಲ್ಲಿ ಸುದ್ದಿ ಮೂಲೆಯ ಬೇಕರಿಗೂ ಮುಟ್ಟಿತ್ತು. ಬೇಕರಿಯವನು ಒಂದೇ ಒಂದು ಕ್ರೀಮ್ ಬನ್ನನ್ನು ಕಾಗದದಲ್ಲಿ ಸುತ್ತಿಕೊಂಡು ಬಂದ. ಇದೇ ಮಕ್ಕಳು ಇಂಥದೇ ಬನ್ನಿಗಾಗಿ ಅವನ ಗಾಜಿನ ಪೆಟ್ಟಿಗೆಯ ಮುಂದೆ ಕೂದಲು ಎಳೆದಾಡಿಕೊಂಡದ್ದನ್ನು ಅವನು ಕಣ್ಣಾರೆ ಕಂಡಿದ್ದ.

"ತಗೊಳ್ಳಿ. ಯಾರ ದಿನ ಇವತ್ತು, ಅವರಿಗೆ ಪೂರ್ತಿ ಬನ್ನು."

ಸೂಜಿಯ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಬಾಬಿನ್‌ಳ ಕಣ್ಣು ಕ್ರೀಮಿನ ಮೇಲೆಯೇ ನಿಂತಿತು. ಆದರೂ ಇಬ್ಬರೂ ಒಂದೇ ಉಸಿರಿಗೆ, "ಅವಳ ದಿನ", "ಅವನ ದಿನ" ಎಂದರು.

ಬೇಕರಿಯವನ ಕಣ್ಣಲ್ಲಿ ನೀರು ಬಂತು. ಅವನಿಗೂ ಒಬ್ಬ ಅಣ್ಣನಿದ್ದ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಅಪ್ಪ ಕೂರುತ್ತಿದ್ದ ಕುರ್ಚಿಯಲ್ಲಿ ಯಾರು ಕೂರಬೇಕೆಂದು ಜಗಳವಾಗಿ, ಅಣ್ಣ ಎದ್ದುಹೋಗಿದ್ದ. ಅಂದಿನಿಂದ ಮಾತಿಲ್ಲ.

"ಇಷ್ಟುದ್ದ ಮಕ್ಕಳಿಗಿರೋ ಬುದ್ಧಿ ನಮಗಿಲ್ವಲ್ಲ ರಾಯರೇ" ಎಂದು ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡ. "ಅಂಗಡಿ ಮುಚ್ತೀನಿ. ಈಗ್ಲೇ ಅಣ್ಣನ ಮನೆಗೆ ಹೋಗ್ತೀನಿ. ಆ ಕುರ್ಚಿ ನಿಂದೇ ಅಂತೀನಿ." ಬನ್ನನ್ನು ಹೂಂರಾಯನ ಕೈಯಲ್ಲಿಟ್ಟು ಹೊರಟೇಹೋದ.

ಟೀಚರಮ್ಮ ಕನ್ನಡಕ ತೆಗೆದು ಒರೆಸಿದರು. ದರ್ಜಿ ಕೂಡ ತನ್ನ ಯಂತ್ರದಲ್ಲಿ ಹಾಲಿರುವುದನ್ನು ಒಂದು ಗಳಿಗೆ ಮರೆತ.

"ಕೇಳಪ್ಪಾ" ಎಂದರು ಟೀಚರಮ್ಮ. "ಅವನಿಗೆ ಬೇಡ, ಅವಳಿಗೆ ಬೇಡ. ದಿನ ಅನಾಥವಾಗಿ ಬಿದ್ದಿದೆ. ಈ ಮನೇಲಿ ನಿಂಗೆ ಅಂತ ಯಾವತ್ತಾದ್ರೂ ಒಂದು ದಿನ ಇತ್ತಾ?"

ಹೂಂರಾಯ ಯೋಚಿಸಿದ. ಬೆಸ ಮಗನದು, ಸಮ ಮಗಳದು, ಎರಡೂ ಸೇರಿ ಹೆಂಡತಿಯದು. ಅವನಿಗೆ ಉಳಿದದ್ದು ತಣ್ಣೀರು ಮತ್ತು ಕೆನೆಯಿಲ್ಲದ ಹಾಲು.

"ಇಲ್ಲ ಟೀಚರಮ್ಮ."

"ಹಾಗಾದ್ರೆ ಇವತ್ತು ನಿನ್ನ ದಿನ ಅಂದುಬಿಡು. ಕತೆ ಮುಗೀತು."

ಹೂಂರಾಯನ ಎದೆ ಸ್ವಲ್ಪ ಉಬ್ಬಿತು. ಬನ್ನನ್ನು ಎತ್ತಿಹಿಡಿದು, "ಸರಿ. ಇವತ್ತು ನನ್ನ ದಿನ!" ಎಂದು ಸಾರಿದ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಳಿಗ್ಗೆಯಿಂದ ಕಾಣದಿದ್ದ ಬೆಳಕು ಆ ಮುಖಗಳಲ್ಲಿ ಮೂಡಿತು.

"ನಿಜವಾಗ್ಲೂನಾ ಅಪ್ಪಾ?" ಎಂದ ಸೂಜಿ.

"ನಿಜವಾಗ್ಲೂ."

"ಮಲಗೋ ತನಕಾನಾ?" ಎಂದಳು ಬಾಬಿನ್.

"ಹೂಂ."

"ಎಲ್ಲದರಲ್ಲೂ ಮೊದಲು ನೀನೇನಾ? ಮನೆ ಹೊರಗೂನಾ?"

"ಹೂಂ ಅಂದ್ನಲ್ಲ."

"ಮಾವ, ಟೀಚರಮ್ಮ, ನೀವೂ ಕೇಳಿಸ್ಕೊಂಡ್ರಿ ಅಲ್ವಾ?" ಎಂದು ಸೂಜಿ ಸಾಕ್ಷಿ ಮಾಡಿಕೊಂಡ.

ಆಮೇಲೆ ಬಂದಂಥ ಹೊತ್ತು ಹೂಂರಾಯನ ಜೀವನದಲ್ಲೇ ಹಿಂದೆಂದೂ ಬಂದಿರಲಿಲ್ಲ. ಮಗ ಅವನನ್ನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿದ. ಮಗಳು ಉಳಿದ ಹಾಲಿನ ಕೆನೆ ತೆಗೆದು ಬಟ್ಟಲಿಗೆ ಹಾಕಿಕೊಟ್ಟಳು. ಅವನು ಎಡಗಡೆಯಲ್ಲಿ ಅಗಿಯುತ್ತ ಪೂರ್ತಿ ಬನ್ನು ತಿಂದ. ಮಕ್ಕಳು ತಮ್ಮ ಸಣ್ಣ ಬೆರಳುಗಳಿಗೆ ಬಟ್ಟೆ ಸುತ್ತಿ ಯಂತ್ರದ ಸಂದುಗೊಂದುಗಳಿಂದ ಹಾಲನ್ನೆಲ್ಲ ಒರೆಸಿ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಯಂತ್ರ ಟಕಟಕ ಎಂದು ಓಡಿತು. ದರ್ಜಿ ಅದನ್ನು ಹೆಗಲ ಮೇಲೆ ಹೊತ್ತುಕೊಂಡು, "ನಿಮ್ಮ ಮಕ್ಕಳನ್ನ ಒಂದು ವಾರ ನಮ್ಮನೆಗೆ ಕಳಿಸಿ, ನಮ್ಮ ನಾಲ್ಕಕ್ಕೂ ಪಾಠ ಆಗ್ಲಿ" ಎಂದು ಹೋದ. ಒಡೆದ ಜಗ್ಗಿನ ಮಾತು ಎತ್ತಲಿಲ್ಲ.

ಸಂಜೆ ಹೆಂಡತಿ ಬರುವ ಹೊತ್ತಿಗೆ ಮನೆ ಗುಡಿಸಿ ಆಗಿತ್ತು. ಮಕ್ಕಳು ತಾವಾಗಿಯೇ ಮುಖ ತೊಳೆದು, ತಲೆ ಬಾಚಿ, ಬೂಟು ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದರು. ಬೂಟು ಯಾಕೆ ಎಂದು ಹೂಂರಾಯನಿಗೆ ಒಮ್ಮೆ ಅನ್ನಿಸಿತು. ಆದರೆ ಇಷ್ಟು ಒಳ್ಳೆಯ ದಿನದಲ್ಲಿ ಪ್ರಶ್ನೆ ಕೇಳುವುದು ಬೇಡವೆಂದು ಸುಮ್ಮನಾದ.

ಹೆಂಡತಿ ಒಳಗೆಲ್ಲ ಕಣ್ಣಾಡಿಸಿದಳು. "ಪರವಾಗಿಲ್ವೇ! ಜಗಳ ಇಲ್ಲ, ಗಲಾಟೆ ಇಲ್ಲ. ಇನ್ಮೇಲೆ ನಮ್ಮಕ್ಕನ ಮನೆ ಮಾತು ಎತ್ತಲ್ಲಪ್ಪ."

ಹೂಂರಾಯನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

"ಅಂದಹಾಗೆ ಇವತ್ತು ಯಾರ ದಿನ?" ಎಂದಳು ಹೆಂಡತಿ.

"ಅಪ್ಪಂದು!" ಎಂದು ಮಕ್ಕಳಿಬ್ಬರೂ ಕೂಗಿದರು.

"ಓಹೋ. ಒಳ್ಳೇದೇ ಆಯ್ತು. ಏಳಿ ಮತ್ತೆ, ಹೊತ್ತಾಯ್ತು."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಹಲ್ಲಿನ ಡಾಕ್ಟರ ಹತ್ರ. ಮಕ್ಕಳಿಬ್ಬರ ಹಲ್ಲೂ ತೋರಿಸ್ಬೇಕು, ನಿಮ್ಮದೂ ಒಂದ್ಸಲ ನೋಡಿಬಿಡ್ಲಿ ಅಂತ ನಿನ್ನೆ ಪಕ್ಕದಲ್ಲೇ ನಿಂತು ಹೇಳಿದ್ನಲ್ರೀ. ಹೂಂ ಅಂದ್ರಿ!"

ಹೂಂರಾಯ ಮಕ್ಕಳ ಕಡೆ ನೋಡಿದ. ಅವರು ತಮ್ಮ ಬೂಟುಗಳನ್ನು ನೋಡುತ್ತಿದ್ದರು. ನಿನ್ನೆ ಸಂಜೆ ಅವನಿಗೆ ಕೇಳಿಸದ ಮಾತು ಆ ನಾಲ್ಕು ಕಿವಿಗಳಿಗೂ ಚೆನ್ನಾಗಿ ಕೇಳಿಸಿತ್ತು.

ದಾರಿಯಲ್ಲಿ ಅವನು ಮಗನ ಹೆಗಲ ಮೇಲೆ ಕೈಹಾಕಿದ. "ನೋಡು ಮಗಾ, ನಿಯಮ ಅಂದ್ರೆ ನಿಯಮ. ಒಂದು ಬೆಸ. ಇವತ್ತು ನಿಂದೇ."

"ಬೇಡಪ್ಪ. ನಿಂಗೆ ಯಾವತ್ತೂ ಒಂದು ದಿನಾನೂ ಇರಲಿಲ್ಲ, ಪಾಪ" ಎಂದ ಸೂಜಿ.

"ಬಾಬಿನ್, ನಿನ್ನೆ ಅವನದಿತ್ತು, ಇವತ್ತು ನ್ಯಾಯವಾಗಿ..."

"ಮಲಗೋ ತನಕ ಅಂದಿದ್ಯಲ್ಲಪ್ಪ" ಎಂದಳು ಬಾಬಿನ್.

ಹಲ್ಲಿನ ಡಾಕ್ಟರಮ್ಮನ ಹೊರಕೋಣೆಯ ಬೆಂಚಿನ ಮೇಲೆ ಬೇಕರಿಯವನು ಕೂತಿದ್ದ. ಅವನ ಒಂದು ಕೆನ್ನೆ ಅವನದೇ ಬನ್ನಿನ ಹಾಗೆ ಉಬ್ಬಿತ್ತು. ಪಕ್ಕದಲ್ಲಿ ಅವನಂತೆಯೇ ಮುಖವಿರುವ ಒಬ್ಬ ಹಿರಿಯ, ಆ ಕೆನ್ನೆಗೆ ಮಂಜುಗಡ್ಡೆಯ ಚೀಲ ಒತ್ತಿ ಹಿಡಿದಿದ್ದ.

"ಏನಾಯ್ತಪ್ಪ?" ಎಂದ ಹೂಂರಾಯ ಗಾಬರಿಯಿಂದ.

"ಕುರ್ಚಿ ನಿಂದೇ ಅಣ್ಣಾ ಅಂದೆ" ಎಂದ ಬೇಕರಿಯವನು ಒಂದು ಕಡೆಯ ಬಾಯಿಯಲ್ಲಿ. "ಇವನು, ಬೇಡ, ನಿಂದೇ ಅಂದ. ನಾನು ನಿಂದೇ ಅಂದೆ. ಇವನು ನಿಂದೇ ಅಂದ. ಹಾಗೇ ಮಾತಿಗೆ ಮಾತು ಬೆಳೀತು."

"ದೊಡ್ಡವನ ಮಾತು ಕೇಳ್ಬೇಕು ಅನ್ನೋದು ಇವನಿಗೆ ಮೊದಲಿಂದ್ಲೂ ಇಲ್ಲ" ಎಂದು ಅಣ್ಣ ಚೀಲವನ್ನು ತಿರುಗಿಸಿ ತಂಪಾದ ಬದಿಯನ್ನು ಒತ್ತಿದ.

ಒಳಗಿನಿಂದ ಕರೆ ಬಂತು. "ಮೊದಲು ಯಾರು?" ಮನೆಯವರೆಲ್ಲ ಹೂಂರಾಯನನ್ನು ನೋಡಿದರು.

ಡಾಕ್ಟರಮ್ಮ ಅವನ ಬಾಯೊಳಕ್ಕೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. "ಏನು ಕಚ್ತೀರಿ ನೀವು?"

"ಸ್ಕ್ರೂ."

"ಊಟಕ್ಕಾ?"

ಆಮೇಲೆ ಒಳಗಿನಿಂದ ಬಂದ ಸದ್ದನ್ನು ಬರೆಯಲು ಅಕ್ಷರಗಳಿಲ್ಲ. ಹೊರಗೆ ಬೆಂಚಿನ ಮೇಲೆ ಬಾಬಿನ್‌ಳ ಮುಖ ಬಿಳುಪೇರಿತು, ಕಣ್ಣೀರು ಸದ್ದಿಲ್ಲದೆ ಇಳಿಯಿತು. ಸೂಜಿ ಅದನ್ನು ನೋಡಿದ. ಒಂದು ಕೈಯಲ್ಲಿ ಬೆಂಚಿನ ಅಂಚನ್ನು ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ತಂಗಿಯ ಕೈ ಹಿಡಿದ.

"ಅಪ್ಪ ಆದ್ಮೇಲೆ ನಾನು ಹೋಗ್ತೀನಿ. ನೀನು ಕೊನೇಲಿ ಬಾ. ನಾನು ಕಿರುಚಲಿಲ್ಲ ಅಂದ್ರೆ ನೋವಿಲ್ಲ ಅಂತ ತಿಳ್ಕೋ."

ಅವನು ಕಿರುಚಲಿಲ್ಲ. ಕಿರುಚುವಂಥದ್ದೇನೂ ಇರಲಿಲ್ಲ. ಇಬ್ಬರು ಮಕ್ಕಳ ಹಲ್ಲುಗಳನ್ನೂ ನೋಡಿ ಡಾಕ್ಟರಮ್ಮ, "ಮುತ್ತಿನ ಹಾಗಿವೆ. ಹೋಗಿ ಆಡ್ಕೊಳ್ಳಿ" ಎಂದು ಕೆನ್ನೆ ತಟ್ಟಿ ಕಳಿಸಿದರು. ಹೂಂರಾಯ ಬಾಯಿತುಂಬ ಹತ್ತಿ ಕಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದ. ದವಡೆಯ ಒಂದು ಹಲ್ಲು ಹೋಗಿತ್ತು.

"ಅದರ ಪಕ್ಕದ್ದೂ ಕೀಳ್ಬೇಕು" ಎಂದರು ಡಾಕ್ಟರಮ್ಮ ಅವನ ಹೆಂಡತಿಗೆ. "ಈ ತಿಂಗಳ ಕೊನೇಲಿ ಕರ್ಕೊಂಡು ಬನ್ನಿ. ಮೂವತ್ತೊಂದಕ್ಕೆ."

ಬಾಬಿನ್ ಕಣ್ಣರಳಿಸಿದಳು. ಅಣ್ಣನ ಕಿವಿಯಲ್ಲಿ ಏನೋ ಉಸುರಿದಳು. ಅವನೂ ತಲೆಯಾಡಿಸಿದ.

"ಅಮ್ಮಾ, ಮೂವತ್ತೊಂದೂ ಒಂದೂ ಅಣ್ಣಂಗೇ ಬಂದ್ರೆ ಅನ್ಯಾಯ ಅಲ್ವಾ? ಇನ್ಮೇಲೆ ಮೂವತ್ತೊಂದು ಯಾವಾಗ್ಲೂ ಅಪ್ಪನ ದಿನ ಆಗ್ಲಿ. ನಂಗೂ ಒಪ್ಪಿಗೆ, ಅಣ್ಣಂಗೂ ಒಪ್ಪಿಗೆ."

ಅಮ್ಮ ಸರದಿ ಹಾಕುವವಳ ಕಣ್ಣಿನಿಂದ ಒಂದು ಗಳಿಗೆ ಯೋಚಿಸಿದಳು. ಇಷ್ಟು ದಿನ ಅವಳಿಗೇ ಬಗೆಹರಿಯದಿದ್ದ ತೊಡಕು ಅದು.

"ಎಷ್ಟು ಸುಲಭವಾಗಿ ಸರಿಹೋಯ್ತು ನೋಡಿ! ಹಾಗೇ ಮಾಡಿಬಿಡೋಣ. ಏನಂತೀರಿ?"

ಹೂಂರಾಯನಿಗೆ ಹೇಳುವುದು ಬಹಳವಿತ್ತು. ತನಗೆ ದಿನವೇ ಬೇಡ, ತಣ್ಣೀರೇ ಸಾಕು, ಕೆನೆಯೂ ಬೇಡ ಎಂದು ಹೇಳಬೇಕಿತ್ತು. ಎದ್ದು ನಿಂತು, ಎರಡು ಕೈಯನ್ನೂ ಎತ್ತಿ ಬಾಯಿ ತೆರೆಯಲು ಹೋದ.

"ಬಾಯಿ ತೆಗೀಬೇಡಿ, ಹತ್ತಿ ಬೀಳುತ್ತೆ!" ಎಂದು ಡಾಕ್ಟರಮ್ಮ ಗದರಿದರು.

"ಹೂಂ" ಎಂದ ಹೂಂರಾಯ.